ತಾತನ ಮೂಗು ಒತ್ತಿದ ಪುಟ್ಟಿ

ಬೇಸಿಗೆ ರಜೆಗೆ ಮಗಳು ತನ್ನ ಎರಡೂವರೆ ವರ್ಷದ ಪುಟ್ಟಿಯನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಗಡಿಯಾರ ರಿಪೇರಿ ಮಾಡುವ ತಾತ ಅಂಗಡಿಗೆ ಬೀಗ ಜಡಿದು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗೋಡೆ ಗಡಿಯಾರದೊಳಗೆ ಮೊಟ್ಟೆಯಿಟ್ಟ ಹಲ್ಲಿಯ ಕಥೆ ಶುರುಮಾಡಿದರು. ಆ ಕಥೆಗೆ ತಲೆಬುಡ ಇರಲಿಲ್ಲ. ಮುಗಿಯುವ ಲಕ್ಷಣವಂತೂ ಇರಲೇ ಇಲ್ಲ.

ಸ್ವಲ್ಪ ಹೊತ್ತು ಕೇಳಿದ ಪುಟ್ಟಿ, ಥೇಟ್ ಅಮ್ಮನ ಹಾಗೆ ಹುಬ್ಬು ಗಂಟಿಕ್ಕಿ, "ಅಪ್ಪಾ, ನೆಟ್‌ವರ್ಕ್ ಇಲ್ಲ, ಆಮೇಲೆ ಮಾಡ್ತೀನಿ," ಎಂದು ತಾತನ ಮೂಗನ್ನು ಬೆರಳಿನಿಂದ ಒತ್ತಿದಳು. ಕಥೆ ನಿಲ್ಲಲಿಲ್ಲವೆಂದು ಇನ್ನೊಮ್ಮೆ ಜೋರಾಗಿ ಒತ್ತಿದಳು.

ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದ ಮಗಳ ಕಿವಿ ಬಿಸಿಯಾಯಿತು. ಪ್ರತಿ ಭಾನುವಾರ ಅಪ್ಪನ ಮಾತು ಉದ್ದವಾದಾಗ ಅವಳು ಹೇಳುತ್ತಿದ್ದ ಸುಳ್ಳೂ ಅದೇ, ಫೋನ್ ಕಟ್ ಮಾಡುತ್ತಿದ್ದ ರೀತಿಯೂ ಅದೇ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ತಾತ ಮೂಗು ಉಜ್ಜಿಕೊಂಡು ನಕ್ಕರು. "ಹೌದು ಕಂದಾ, ನಮ್ಮನೇಲಿ ನೆಟ್‌ವರ್ಕ್ ಸರಿಯಾಗಿ ಸಿಗಲ್ಲ."

ಅಡುಗೆಮನೆಯಿಂದ ಅಜ್ಜಿ ಗೊಣಗಿದರು. "ಅದಕ್ಕೇ ಅಲ್ವೇನೆ, ಭಾನುವಾರ ಬಂತು ಅಂದ್ರೆ ನಿಮ್ಮಪ್ಪ ಈ ನೋಯೋ ಮಂಡಿ ಇಟ್ಕೊಂಡು ಫೋನ್ ಹಿಡಿದು ತಾರಸಿ ಹತ್ತೋದು! ಬಿಸಿಲು, ಬೇಡ ಅಂದ್ರೆ, 'ಮಗಳಿಗೆ ನನ್ನ ಮಾತು ಕೇಳಿಸಲ್ವಂತೆ ಕಣೆ' ಅಂತಾರೆ."