ಬೋರ್ಡಿನ ಮೇಲಿನ ತಪ್ಪು

ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಅವರಿಗೆ 'ತಪ್ಪು ಮೇಡಂ' ಅಂತಲೇ ಹೆಸರು. ಪ್ರತಿ ತರಗತಿಯಲ್ಲೂ ಬೋರ್ಡಿನ ಮೇಲೆ ಬೇಕೆಂದೇ ಒಂದು ತಪ್ಪು ಬರೆಯುವುದು, ಮಕ್ಕಳು ಅದನ್ನು ಹಿಡಿಯುವುದು, ಇದು ಅವರ ಪದ್ಧತಿ. ಕಣ್ಣು ಮುಚ್ಚಿಕೊಂಡು ಕಾಪಿ ಮಾಡುವವರ ಬೇಳೆ ಅಲ್ಲಿ ಬೇಯುತ್ತಿರಲಿಲ್ಲ, ಬಿಡಿ! ಬಡ್ತಿ ಬಂದ ಮೇಲೂ ಮೊದಲ ವರ್ಷದ ತರಗತಿ ಬಿಡೆನೆಂದು ಹಟ ಹಿಡಿದವರು ಮೇಡಂ. ಆ ಮಕ್ಕಳೆಂದರೆ ಅವರಿಗೆ ಪ್ರಾಣ.

ವಿಭಾಗದ ಮುಖ್ಯಸ್ಥರಿಗೆ ಈ ಆಟ ಹಿಡಿಸಿರಲಿಲ್ಲ. "ಪಾಠ ಮಾಡೋರೇ ತಪ್ಪು ಬರೆದ್ರೆ ಹೇಗಮ್ಮಾ? ನಾಳೆ ನಾನೇ ಬಂದು ಕೂತ್ಕೋತೀನಿ. ಸರಿ ಕಾಣ್ಲಿಲ್ಲ ಅಂದ್ರೆ ಈ ಕ್ಲಾಸು ಬೇರೆಯವರಿಗೆ," ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು.

ಮನೆಯಲ್ಲಿ ಗಂಡ ಬುದ್ಧಿ ಹೇಳಿದರು. "ಒಂದು ದಿನದ ಮಟ್ಟಿಗೆ ಸರಿಯಾಗಿ ಬರೆದುಬಿಡೇ. ನಿನ್ನ ಗಂಟೇನು ಹೋಗುತ್ತೆ?"

ಮೇಡಂ ಒಲ್ಲದ ಮನಸ್ಸಿನಿಂದ ಒಪ್ಪಿದರು.

ಮರುದಿನ ಮುಖ್ಯಸ್ಥರು ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತರು. ಮೇಡಂ ಅಳೆದು ತೂಗಿ ಬರೆದರು. ಮಕ್ಕಳಿಗೋ ಕಸಿವಿಸಿ, ಕತ್ತು ಉದ್ದ ಮಾಡಿ ಹುಡುಕಿದ್ದೇ ಹುಡುಕಿದ್ದು. ಪಾಠ ಮುಗಿಯಿತು, ತಪ್ಪು ಸಿಕ್ಕಿತೆಂದು ಯಾರೂ ಏಳಲಿಲ್ಲ. ಅಬ್ಬಾ, ಬದುಕಿದೆ ಎಂದುಕೊಂಡು ಮೇಡಂ ಡಸ್ಟರ್ ಎತ್ತಿದರು.

ಅಷ್ಟರಲ್ಲಿ ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. ವರ್ಷವಿಡೀ ತುಟಿ ಪಿಟಕ್ಕೆನ್ನದವಳು!

"ಅಳಿಸ್ಬೇಡಿ ಮೇಡಂ! ಮೂರನೇ ಸಾಲಲ್ಲಿ ಮೈನಸ್ ಬರ್ಬೇಕಿತ್ತು. ಸಿಕ್ತು, ಇವತ್ತಿನ ತಪ್ಪು!"

ಮೇಡಂ ತಿರುಗಿ ನೋಡಿದರು. ಹೌದು, ತಪ್ಪೇ! ಅಪ್ಪಟ ಅಸಲಿ ತಪ್ಪು. 'ಶಭಾಷ್, ಬೇಕೆಂದೇ ಬರೆದಿದ್ದೆ' ಎಂದುಬಿಟ್ಟಿದ್ದರೆ ಮಾನವಾದರೂ ಉಳಿಯುತ್ತಿತ್ತು. ಆದರೆ ಆ ಮಗುವಿನ ಮುಖ ನೋಡಿಕೊಂಡು ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಇದು ಬೇಕೂಂತ ಬರೆದಿದ್ದಲ್ಲ ಕಣಮ್ಮಾ," ಎಂದರು. "ಇವತ್ತು ತಪ್ಪೇ ಬೇಡ ಅಂದ್ಕೊಂಡಿದ್ದೆ. ನನ್ನ ಕಣ್ಣಿಗೇ ಬೀಳ್ಲಿಲ್ಲ, ನಿನ್ನ ಕಣ್ಣಿಗೆ ಬಿತ್ತು."

ಮಕ್ಕಳು ಡೆಸ್ಕು ಬಡಿದ ಸದ್ದಿಗೆ ಕಿಟಕಿ ಗಾಜುಗಳು ಅದುರಿದವು. ಹುಡುಗಿ ನಾಚಿ ಕೂತುಬಿಟ್ಟಳು.

ಮುಖ್ಯಸ್ಥರು ಬೋರ್ಡಿನ ಹತ್ತಿರ ಬಂದು, ಕನ್ನಡಕ ಏರಿಸಿ, ಮೂರನೇ ಸಾಲನ್ನು ಮತ್ತೆ ಮತ್ತೆ ಓದಿದರು. "ನಾನೂ ಒಂದು ಗಂಟೆ ಇದನ್ನೇ ನೋಡ್ತಾ ಕೂತಿದ್ನಲ್ರೀ, ನನಗೂ ಗೊತ್ತಾಗ್ಲಿಲ್ಲ," ಎಂದರು. "ಈ ಕ್ಲಾಸು ನೀವೇ ಇಟ್ಕೊಳ್ಳಿ."

ಸಂಜೆ ಗಂಡ ಬಾಗಿಲಲ್ಲೇ ಕಾಯುತ್ತಿದ್ದರು. "ಏನಾಯ್ತೇ? ತಪ್ಪು ಮಾಡ್ಲಿಲ್ಲ ತಾನೇ?"

"ಮಾಡಿದೆ ಕಣ್ರೀ!" ಮೇಡಂ ಹೆಗಲ ಚೀಲ ಇಳಿಸುವುದನ್ನೂ ಮರೆತು ಬೀಗುತ್ತ ನಿಂತಿದ್ದರು. "ಮಾಡಿದೆ. ನನ್ನ ಹುಡುಗಿ ಹಿಡಿದ್ಲು!"