ಹನ್ನೆರಡೂವರೆ ಅಂಗುಲದ ಕಡ್ಡಿ

ನಮ್ಮ ಹಾರ್ಟ್‌ವೆಲ್ ಊರಿನಲ್ಲಿ ಬೂಟು ಹೊಲಿಯಲು ಬಾರದವರು ಯಾರೂ ಇಲ್ಲ. ಆ ಬೂಟು ಯಾರ ಕಾಲಿಗೆ ಹೋಗುತ್ತದೆ ಎಂದು ಕೇಳುವವರೂ ಯಾರೂ ಇಲ್ಲ. ನಾನೂ ಕೇಳಿದವಳಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ಈ ಕಥೆಯಲ್ಲಿ ಬೈಸಿಕೊಳ್ಳಬೇಕಾದವರ ಸಾಲಿನಲ್ಲಿ ನನ್ನ ಹೆಸರೂ ಇದೆ.

ನಾನು ಕೆಜಾಯ ಥೇಯರ್. ನಮ್ಮವರು ಅಸಾಹೆಲ್ ಥೇಯರ್. ಮನೆಯ ಹಿಂದೆ ಹತ್ತಡಿ ಅಗಲದ ಕೆಲಸದ ಕೋಣೆ. ಮೇಲ್ತೊಗಲನ್ನು ನಾನು ಅಡುಗೆಮನೆಯಲ್ಲಿ ಕುಳಿತು ಹೊಲಿಯುತ್ತೇನೆ. ಅಟ್ಟೆ ಕೂರಿಸಿ ಮರದ ಮೊಳೆ ಹೊಡೆಯುವುದು ಅವರ ಕೆಲಸ. ನಾವು ಮಾಡುತ್ತಿದ್ದುದು ಒರಟು ಬೂಟು, ದಕ್ಷಿಣದ ಹತ್ತಿ ತೋಟಗಳ ಗುಲಾಮರಿಗೆ. ಬೇಸಿಗೆ ಮುಗಿಯುವ ಹೊತ್ತಿಗೆ ಅಲ್ಲಿಂದ ಕಡ್ಡಿಗಳ ಕಟ್ಟು ಬರುತ್ತದೆ. ಒಬ್ಬೊಬ್ಬರ ಪಾದದ ಉದ್ದಕ್ಕೆ ಒಂದೊಂದು ಕಡ್ಡಿ, ಅದರ ಮೇಲೆ ಮಸಿಯಲ್ಲಿ ಹೆಸರು. ನಮ್ಮವರು ಆ ಕಡ್ಡಿಯ ಅಳತೆಗೆ ಪಾದದಾಕಾರದ ಮರದ ಅಚ್ಚು ಆರಿಸಿ, ಅದರ ಮೇಲೆ ಬೂಟು ಕಟ್ಟುತ್ತಿದ್ದರು. ಹಿಮ್ಮಡಿಯಲ್ಲಿ ಮೂರು ಮೊಳೆ, ತ್ರಿಕೋನವಾಗಿ. ಅದು ಅವರ ಗುರುತು. ಊರಿನ ಪ್ರತಿಯೊಬ್ಬ ಕೆಲಸಗಾರನಿಗೂ ಇಂಥದ್ದೊಂದು ಗುರುತು ಇರುತ್ತದೆ, ಅದರ ಬಗ್ಗೆ ಒಂದಷ್ಟು ಜಂಬವೂ ಇರುತ್ತದೆ.

ಪಕ್ಕದ ಮನೆಯ ಡಾರ್ಕಸ್ ವಿಧವೆ. ನನಗಿಂತ ಹತ್ತು ವರ್ಷ ದೊಡ್ಡವಳು. ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯ ಜಾಹೀರಾತಿನವರೆಗೂ ಓದುತ್ತಾಳೆ. ಗುಲಾಮರು ಬೆಳೆದದ್ದೆಂದು ಹತ್ತಿ ಬಟ್ಟೆ ಉಡುವುದಿಲ್ಲ, ಕಬ್ಬಿನ ಸಕ್ಕರೆ ಮುಟ್ಟುವುದಿಲ್ಲ. ಚಹಾಕ್ಕೂ ಮೇಪಲ್ ಮರದ ಸಕ್ಕರೆಯೇ. ಅವಳು ಪತ್ರಿಕೆ ಮಡಚಿಕೊಂಡು ಬಾಗಿಲಲ್ಲಿ ಕಾಣಿಸಿದರೆ ನಮ್ಮವರು ಸುತ್ತಿಗೆ ಕೆಳಗಿಡುತ್ತಿದ್ದರು.

"ಬಾ ಡಾರ್ಕಸಕ್ಕ. ವಾಷಿಂಗ್ಟನ್ನಿನೋರು ಇವತ್ತೇನು ಕೆಡಿಸಿದ್ರು?"

"ಗೆರೆ ಅಳಿಸ್ತಾ ಇದಾರಪ್ಪ," ಎಂದಳು ಡಾರ್ಕಸ್. ಇದು ಎರಡು ವರ್ಷದ ಹಿಂದಿನ, ಐವತ್ತನಾಲ್ಕರ ವಸಂತದ ಮಾತು. "ನಾವು ಚಿಕ್ಕೋರಿದ್ದಾಗ ಒಂದು ಗೆರೆ ಎಳೆದಿದ್ರು. ಪಶ್ಚಿಮದ ಹೊಸ ನೆಲದಲ್ಲಿ ಈ ಗೆರೆಯ ಉತ್ತರಕ್ಕೆ ಗುಲಾಮಗಿರಿ ಬರಕೂಡದು ಅಂತ. ಮೂವತ್ತನಾಲ್ಕು ವರ್ಷ ಅದನ್ನೇ ನಂಬ್ಕೊಂಡು ಕೂತಿದ್ವಿ. ಈಗ ದಕ್ಷಿಣದೋರಿಗೆ ಕಾನ್ಸಾಸ್ ನೆಲ ಕಣ್ಣಿಗೆ ಬಿತ್ತು ನೋಡು, ಆ ಗೆರೆ ಬೇಡವಂತೆ."

"ಗೆರೆ ಎಳೆದೋರು ಅವರೇ, ಅಳಿಸೋರೂ ಅವರೇ. ಊರ ಉಸಾಬರಿ ನನಗ್ಯಾಕೆ?"

"ನಾಲ್ಕು ವರ್ಷದ ಹಿಂದೆ ಏನಂದ್ರು? ದಕ್ಷಿಣದಿಂದ ತಪ್ಪಿಸ್ಕೊಂಡು ಇಲ್ಲಿಗೆ ಬಂದ ಗುಲಾಮರನ್ನ ಹಿಡಿದು ಕೊಡಿ, ಅದಕ್ಕೊಂದು ಕಾನೂನು ಮಾಡ್ತೀವಿ, ಆಮೇಲೆ ಜಗಳವೇ ಇರಲ್ಲ ಅಂದ್ರು. ಹಾವೂ ಸಾಯಬಾರದು, ಕೋಲೂ ಮುರೀಬಾರದು ಅನ್ನೋ ಪಂಚಾಯಿತಿ. ಜಗಳ ನಿಂತಿತಾ? ಪ್ರತಿ ಸಲ ರಾಜಿ ಮಾಡ್ಕೊಳ್ಳೋರು ಇವರು. ಬೆಲೆ ತೆರೋನು ಆ ಗುಲಾಮ. ಹೀಗೇ ಹೋದ್ರೆ ಒಂದಿನ ಎರಡೂ ಕಡೆಯೋರು ಬಂದೂಕು ಹಿಡೀತಾರೆ, ಬರೆದಿಟ್ಕೋ."

"ಅಕ್ಕ, ನಾನು ಯಾರ ಕಾಲಿಗೂ ಸರಪಳಿ ಹಾಕಿಲ್ಲ, ಬೂಟು ಹಾಕಿದೀನಿ. ಬರಿಗಾಲಲ್ಲಿ ನಡೆಯೋನಿಗೆ ಬೂಟು ಹೊಲಿಯೋದು ಪಾಪವಾ?"

ನಾನು ನಕ್ಕೆ. ಆಗ ಅದು ಜಾಣ ಮಾತು ಅನ್ನಿಸಿತ್ತು. ಈಗ ನೆನೆದರೆ ಮೈ ಉರಿಯುತ್ತದೆ.

ನಮ್ಮವರು ಓಟು ಹಾಕಿದವರೂ ಅಲ್ಲ. ಚುನಾವಣೆಯ ದಿನ ನಮ್ಮೂರಲ್ಲಿ ಮನೆಮನೆಯಲ್ಲೂ ಒಣದ್ರಾಕ್ಷಿಯ ದೊಡ್ಡ ಕೇಕು ಬೇಯುತ್ತದೆ. ಇವರು ಅದನ್ನು ಎರಡು ಸಲ ಬಡಿಸಿಕೊಂಡು ತಿಂದು ಮೀನು ಹಿಡಿಯಲು ಹೋಗುತ್ತಿದ್ದರು.

ಆಗ ನಮ್ಮೂರಿನ ತೊಗಲು ಹದ ಮಾಡುವಲ್ಲಿ ಜೋಯೆಲ್ ಎಂಬ ಕರಿಯ ಕೆಲಸಗಾರನಿದ್ದ. ಬಂದು ಒಂದೂವರೆ ವರ್ಷವಾಗಿತ್ತು. ಪೆನ್ಸಿಲ್ವೇನಿಯದವನು, ಹುಟ್ಟಿನಿಂದ ಸ್ವತಂತ್ರ ಎಂದು ಹೇಳಿಕೊಂಡಿದ್ದ. ವಾರಕ್ಕೊಮ್ಮೆ ನಮಗೆ ತೊಗಲು ಹೊತ್ತು ತರುತ್ತಿದ್ದ. ಆಳೆತ್ತರದ ಬಾಗಿಲಲ್ಲಿ ಬಗ್ಗಿ ಬರಬೇಕಾದಷ್ಟು ಉದ್ದದ ಮನುಷ್ಯ. ನನ್ನ ಸೇಬಿನ ಕಡುಬು ಎಂದರೆ ಅವನಿಗೆ ಪ್ರಾಣ. ನನ್ನನ್ನು ಅಮ್ಮ ಎನ್ನುತ್ತಿದ್ದ, ಇವರನ್ನು ಅಣ್ಣ ಎನ್ನುತ್ತಿದ್ದ. ಯಾರನ್ನೂ ಒಡೆಯ ಎಂದದ್ದು ನಾನು ಕೇಳಿಲ್ಲ.

ಒಂದು ದಿನ ಅವನು ಗೂಟದಲ್ಲಿ ತೂಗುಹಾಕಿದ್ದ ಒಂದು ಅಚ್ಚನ್ನು ನೋಡುತ್ತಾ ನಿಂತ. ಉಳಿದ ಅಚ್ಚುಗಳಿಗಿಂತ ಬಹಳ ಉದ್ದವಾದದ್ದು.

"ಅದು ದೈತ್ಯನ ಪಾದ ಕಣಪ್ಪ," ಎಂದರು ನಮ್ಮವರು. "ಜಾರ್ಜಿಯದಿಂದ ಕಡ್ಡಿ ಬಂದಿತ್ತು. ಹನ್ನೆರಡೂವರೆ ಅಂಗುಲ. ಅವನೊಬ್ಬನಿಗೇಂತ ಅಚ್ಚು ಕೆತ್ತಿದೆ. ಬೇರೆ ಯಾರಾದ್ರೂ ಆಗಿದ್ರೆ ಇರೋ ಅಚ್ಚಿಗೇ ತುರುಕಿ ಕಳಿಸ್ತಿದ್ರು."

"ನಡೆಯೋಕೆ ಒಳ್ಳೆ ಬೂಟು ಅಣ್ಣ, ನೀವು ಹೊಲಿದಿದ್ದು," ಎಂದ ಜೋಯೆಲ್.

"ನಿನಗೆ ಹೆಂಗೆ ಗೊತ್ತು?"

"ಕೇಳಿದೀನಿ," ಎಂದು ತೊಗಲು ಇಳಿಸಿ ಹೊರಟುಹೋದ. ಕಡುಬು ತಿನ್ನಲೂ ನಿಲ್ಲಲಿಲ್ಲ.

ಮೇ ತಿಂಗಳಲ್ಲಿ ಅವನನ್ನು ಹಿಡಿದರು. ಹಾಡುಹಗಲು, ಹದದ ತೊಟ್ಟಿಯ ಪಕ್ಕದಲ್ಲಿ. ಜಾರ್ಜಿಯದ ತೋಟದ ಒಡೆಯ ಕಳಿಸಿದ ಒಬ್ಬ ಏಜೆಂಟ್, ಜೊತೆಗೆ ಸರ್ಕಾರದ ಪೇದೆಗಳು. ಇವನು ಜೋಯೆಲ್ ಅಲ್ಲ, ನಮ್ಮ ಐಸಂ, ಮೂರು ವರ್ಷದ ಹಿಂದೆ ಓಡಿಹೋದವನು ಎಂದರು. ಅವನ ಪೆಟ್ಟಿಗೆ ಜಾಲಾಡಿ ಒಂದು ಜೊತೆ ಹಳೆಯ ಬೂಟು ತೆಗೆದುಕೊಂಡು ಹೋದರು.

ಡಾರ್ಕಸ್ ಸುಮ್ಮನಿರಲಿಲ್ಲ. ಪಟ್ಟಣಕ್ಕೆ ಹೋಗಿ ವಕೀಲರನ್ನು ಹಿಡಿದಳು. ಊರಿನವರು ಹತ್ತು ಜನ ಸಾಕ್ಷಿ ಹೇಳಲು ಹೊರಟೆವು. ನಮ್ಮವರೂ ಬಂದರು. ಅವರಿಗೆ ರಾಜಕೀಯ ಬೇಡ, ಆದರೆ ಜೋಯೆಲ್ ಬೇಕು. "ಒಳ್ಳೆ ಮನುಷ್ಯ ಅಂತ ಹೇಳಿ ಬರ್ತೀನಿ, ಅಷ್ಟೇ," ಎಂದರು.

ವಿಚಾರಣೆ ಹೇಗಿತ್ತು ಎಂದು ಕೇಳಿ. ತೀರ್ಮಾನಿಸಲು ಊರ ಪಂಚರಿಲ್ಲ. ಮೇಜಿನ ಹಿಂದೆ ಒಬ್ಬನೇ ಅಧಿಕಾರಿ. ಮತ್ತೆ ಜೋಯೆಲ್ ಬಾಯಿ ತೆರೆಯುವಂತಿಲ್ಲ. ಹೌದು, ಅದೇ ಕಾನೂನು. ಯಾರ ಬದುಕು ಪಣಕ್ಕಿದೆಯೋ ಅವನ ಸಾಕ್ಷಿ ತೆಗೆದುಕೊಳ್ಳುವಂತಿಲ್ಲ ಎಂದು ಬರೆದಿದ್ದಾರೆ. ಕೈಗೆ ಬೇಡಿ ಹಾಕಿ ಕೂರಿಸಿದ್ದರು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದು.

ಆದರೂ ಮಧ್ಯಾಹ್ನದ ಹೊತ್ತಿಗೆ ನಮಗೆ ಆಸೆ ಹುಟ್ಟಿತ್ತು. ಏಜೆಂಟ್ ಅವನನ್ನು ಮೊದಲು ಕಂಡವನೇ ಅಲ್ಲ, ಕಾಗದದ ವಿವರಣೆ ಹಿಡಿದು ಬಂದವನು. ನಮ್ಮ ವಕೀಲರು ಚೆನ್ನಾಗಿ ಕುಟುಕಿದರು. ಅಧಿಕಾರಿ ಗಡ್ಡ ಕೆರೆದುಕೊಳ್ಳತೊಡಗಿದ್ದ.

ಆಗ ನಮ್ಮವರ ಸರದಿ ಬಂತು. ಜೋಯೆಲ್ ನಂಬಿಕಸ್ಥ, ಕುಡಿಯುವವನಲ್ಲ ಎಂದು ಹೇಳಿ ಮುಗಿಸಿದರು. ಇಳಿದು ಬರಬೇಕಿತ್ತು. ಏಜೆಂಟನ ವಕೀಲ ಆ ಹಳೆಯ ಬೂಟನ್ನು ಎತ್ತಿ ತೋರಿಸಿದ.

"ನೀವು ಬೂಟಿನೋರಂತೆ. ಇದು ಎಂಥ ಬೂಟು? ಯಾರೋ ಕೈಲಾಗದೋನು ಕುಡಿದು ಹೊಲಿದ ಹಾಗಿದೆಯಲ್ಲ."

ನಮ್ಮವರು ಬೂಟನ್ನು ತಿರುಗಿಸಿ ನೋಡಿದರು. ಹಿಮ್ಮಡಿ ಸವೆದಿತ್ತು. ಮೂರು ಮೊಳೆ ಹಾಗೇ ಇದ್ದವು.

"ಕೈಲಾಗದೋನಾ?" ಎಂದರು. "ಸ್ವಾಮಿ, ಇದು ಕಾಡು, ಹೊಳೆ ಎಲ್ಲ ದಾಟಿ ಬಂದಿದೆ. ಒಂದು ಹೊಲಿಗೆ ಬಿಟ್ಟಿದ್ಯಾ ತೋರಿಸಿ. ಇದು ನನ್ನ ಕೈಕೆಲಸ."

"ಓಹೋ. ಯಾರಿಗೆ ಹೊಲಿದದ್ದು?"

ಆಗ ಅವರಿಗೆ ತಾನು ಏನು ಹೇಳಿದೆ ಎಂಬುದು ತಿಳಿಯಿತು. ನಾನು ಅವರ ಮುಖ ನೋಡುತ್ತಿದ್ದೆ. ಬೈಬಲ್ ಮುಟ್ಟಿ ಆಣೆ ಮಾಡಿದ ಮನುಷ್ಯ, ಸುಳ್ಳು ಹೇಳಿ ಅಭ್ಯಾಸವಿಲ್ಲ. ಬೂಟನ್ನು ಮೇಜಿನ ಮೇಲಿಟ್ಟುಬಿಟ್ಟರು. ವಕೀಲ ಅಳತೆಪಟ್ಟಿ ತೆಗೆದು ಅಟ್ಟೆಯ ಮೇಲಿಟ್ಟ.

"ಇಷ್ಟು ಉದ್ದದ ಅಚ್ಚು ನಿಮ್ಮಲ್ಲಿ ಎಷ್ಟಿದೆ?"

"ಒಂದು."

"ಯಾವ ತೋಟದ ಕಡ್ಡಿಗೆ ಕೆತ್ತಿದ್ದು?"

ಅವರು ಹೇಳಿದರು. ಅವರ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಬೂಟನ್ನು ಜೋಯೆಲ್‌ನ ಕಾಲಿಗೆ ಹಾಕಿ ನೋಡಿದರು. ಸರಿಯಾಗಿ ಕೂತಿತು. ಯಾಕೆ ಕೂರುವುದಿಲ್ಲ? ನಮ್ಮವರ ಅಳತೆ ಎಂದೂ ತಪ್ಪಿದ್ದಿಲ್ಲ. ಆ ಕೋಣೆಯಲ್ಲಿ ಒಂದು ಬೂಟಿನ ಸಾಕ್ಷಿ ನಡೆಯಿತು, ಅದನ್ನು ತೊಟ್ಟವನ ಸಾಕ್ಷಿ ನಡೆಯಲಿಲ್ಲ.

ಹೊರಗೆ ಒಯ್ಯುವಾಗ ಅವನು ನಮ್ಮ ಪಕ್ಕದಲ್ಲೇ ಹಾದುಹೋದ. ನಮ್ಮವರು ಕೈ ಚಾಚಿದರು.

"ಐಸಂ, ನನಗೆ ಗೊತ್ತಿರಲಿಲ್ಲಪ್ಪ."

"ಗೊತ್ತಿತ್ತು ಅಣ್ಣ," ಎಂದ ಅವನು. "ಹೆಸರು ಕಡ್ಡಿ ಮೇಲೇ ಇತ್ತಲ್ಲ."

ಅಷ್ಟೇ ಮಾತು. ಪೇದೆಗಳು ಅವನನ್ನು ಬಂದರಿಗೆ ಒಯ್ದರು. ಅದೇ ವಾರ ವಾಷಿಂಗ್ಟನ್ನಿನಲ್ಲಿ ಗೆರೆ ಅಳಿಸುವ ಕಾಗದಕ್ಕೆ ಸಹಿ ಬಿತ್ತು.

ನಮ್ಮವರು ಮೂರು ತಿಂಗಳು ಊಟ ಸರಿಯಾಗಿ ಮಾಡಲಿಲ್ಲ. ಆದರೂ, ನಾಚಿಕೆಬಿಟ್ಟು ಹೇಳುತ್ತೇನೆ, ಒರಟು ಬೂಟು ಹೊಲಿಯುವುದನ್ನು ನಾವು ಬಿಡಲಿಲ್ಲ. ಬೇರೆ ಕೆಲಸ ಸಿಗಲಿ, ಆಮೇಲೆ ಬಿಡೋಣ ಎಂದುಕೊಂಡೆವು. ತಪ್ಪು ಗೊತ್ತಾದ ಮೇಲೂ ಮನುಷ್ಯ ಇಂಥ ಸಬೂಬಿನಲ್ಲಿ ಎಷ್ಟು ದಿನ ಬೇಕಾದರೂ ಬದುಕಬಲ್ಲ.

ಸೆಪ್ಟೆಂಬರಿನಲ್ಲಿ ಕಡ್ಡಿಗಳ ಕಟ್ಟು ಬಂತು. ಡಾರ್ಕಸ್ ಪತ್ರಿಕೆ ಹಿಡಿದು ನಮ್ಮ ಬಾಗಿಲಲ್ಲಿ ಕೂತಿದ್ದಳು. ನಮ್ಮವರು ಹಗ್ಗ ಬಿಚ್ಚಿ ಒಂದೊಂದೇ ಹೆಸರು ಓದಿದರು. ಓದುತ್ತಾ ಒಂದು ಕಡ್ಡಿ ಹಿಡಿದು ನಿಂತುಬಿಟ್ಟರು. ಗೂಟದಿಂದ ಆ ಉದ್ದನೆಯ ಅಚ್ಚನ್ನು ಇಳಿಸಿ ಪಕ್ಕದಲ್ಲಿ ಇಟ್ಟು ನೋಡಿದರು.

"ಕೆಜಾಯ, ಇಲ್ಲಿ ಬಾ. ಏನು ಬರೆದಿದೆ ಓದು."

"ಐಸಂ ಅಂತ ಬರೆದಿದೆ. ಬದುಕಿದಾನಲ್ಲ ರೀ, ಪುಣ್ಯ."

"ಉದ್ದ ನೋಡು."

ಕಡ್ಡಿ ಅಚ್ಚಿಗಿಂತ ಎರಡು ಅಂಗುಲ ಗಿಡ್ಡವಾಗಿತ್ತು.

"ಅಳೆದೋರು ತಪ್ಪು ಮಾಡಿರ್ತಾರೆ," ಎಂದೆ.

"ಬೆಳೆದ ಗಂಡಸಿನ ಪಾದ ಗಿಡ್ಡ ಆಗಲ್ಲ ಕಣೆ," ಎಂದರು ಅವರು. "ಕಾಲಿನ ಬೆರಳು ಕತ್ತರಿಸಿದಾರೆ. ಇನ್ನೊಂದು ಸಲ ಓಡಬಾರದು ಅಂತ. ಈಗ ಅದಕ್ಕೆ ಸರಿಯಾಗಿ ನಾನು ಬೂಟು ಹೊಲೀಬೇಕಂತೆ."

ಡಾರ್ಕಸ್ ಪತ್ರಿಕೆ ಕೆಳಗಿಟ್ಟು, ಹಗ್ಗ ಎತ್ತಿ ಅವರ ಕೈಗೆ ಕೊಟ್ಟಳು. ನಮ್ಮವರು ಉಳಿದ ಕಡ್ಡಿಗಳನ್ನು ಮತ್ತೆ ಕಟ್ಟಿ ಅದೇ ಬಂಡಿಯಲ್ಲಿ ವಾಪಸ್ ಕಳಿಸಿದರು. ಒಂದನ್ನು ಮಾತ್ರ ಇಟ್ಟುಕೊಂಡರು.

ಈಗ ನಾವು ಹೊಲಿಯುವುದು ನಮ್ಮ ಕಡೆಯ ರೈತರ ಬೂಟು. ಕೆಲಸ ಕಡಿಮೆಯಾಗಿದೆ, ಬ್ರೆಡ್ಡಿಗೆ ಬೆಣ್ಣೆ ಕಡಿಮೆಯಾಗಿದೆ. ನೆರೆಯವರು ಕೆಲವರು, "ಥೇಯರ್‌ಗೆ ತಲೆ ಕೆಟ್ಟಿದೆ," ಎಂದು ನಗುತ್ತಾರೆ. ನಗಲಿ. ಡಾರ್ಕಸ್ ಹೇಳಿದ್ದೆಲ್ಲ ಒಂದೊಂದಾಗಿ ನಡೆಯುತ್ತಿದೆ. ಕಾನ್ಸಾಸ್‌ನಲ್ಲಿ ಗುಲಾಮಗಿರಿ ಬೇಕೆನ್ನುವ ಪಕ್ಕದ ರಾಜ್ಯದವರು ಹೊಳೆ ದಾಟಿ ಬಂದು ಕಳ್ಳ ಓಟು ಹಾಕಿದರು. ಈಗ ಅಲ್ಲಿ ಮನೆ ಸುಡುತ್ತಿದ್ದಾರೆ, ಹೆಣ ಬೀಳುತ್ತಿದೆ. ಈ ಮೇ ತಿಂಗಳಲ್ಲಿ ನಮ್ಮ ರಾಜ್ಯದ ಸೆನೆಟರನ್ನು, ಗುಲಾಮಗಿರಿಯ ವಿರುದ್ಧ ಮಾತಾಡಿದ್ದಕ್ಕೆ, ಸಭೆಯ ಒಳಗೇ ಬೆತ್ತದಿಂದ ಪ್ರಜ್ಞೆ ತಪ್ಪುವವರೆಗೆ ಹೊಡೆದರು. ಹೊಡೆದವನಿಗೆ ಅವನ ಕಡೆಯವರು ಹೊಸ ಬೆತ್ತ ಕಳಿಸಿಕೊಡುತ್ತಿದ್ದಾರಂತೆ. ಕಾನೂನು ಮಾಡುವ ಮನೆಯಲ್ಲೇ ರಕ್ತ ಬಿದ್ದ ಮೇಲೆ ಬೀದಿಗೆ ಎಷ್ಟು ದೂರ?

ಹೊಲಿಗೆ ಸಂಘದ ಅಕ್ಕಂದಿರೇ, ತಂಗಿಯರೇ, ಬರುವ ಮಂಗಳವಾರ ಚುನಾವಣೆ. ನಮಗೆ ಓಟಿಲ್ಲ. ಅದೂ ಒಂದು ಅನ್ಯಾಯ, ಅದರ ಜಗಳ ಇನ್ನೊಂದು ದಿನ ಆಡೋಣ. ನಿಮ್ಮ ಮನೆಯ ಗಂಡಸರಿಗೆ ಓಟಿದೆ. ಗುಲಾಮಗಿರಿ ಇನ್ನು ಒಂದು ಗೇಣೂ ಮುಂದೆ ಬರಕೂಡದು ಎನ್ನುವವರಿಗೆ ಹಾಕಲು ಹೇಳಿ. ನಮ್ಮವರು ಮೀನಿನ ಗಾಳವನ್ನು ಅಟ್ಟಕ್ಕೆ ಎಸೆದಿದ್ದಾರೆ, ಆ ದಿನ ಬೆಳಿಗ್ಗೆ ಎದ್ದವರೇ ಓಟಿಗೆ ಹೊರಡುತ್ತಾರೆ. ಓಟು ಹಾಕದೆ ಮನೆಗೆ ಬಂದವನಿಗೆ ಕೇಕಿನ ಒಂದು ಚೂರೂ ಕೊಡಬೇಡಿ. ಓಡಿಬಂದವರನ್ನು ಹಿಡಿಯಲು ಪೇದೆ ಕರೆದರೆ, ನಿಮ್ಮ ಮನೆಯಿಂದ ಯಾರೂ ಹೋಗಕೂಡದು. ನಿಮ್ಮ ಕೈಯಲ್ಲಿರುವ ಹೊಲಿಗೆ ಯಾರ ಕಾಲಿಗೆ ಹೋಗುತ್ತದೆ ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿರಬೇಡಿ, ನಾವು ಸುಮ್ಮನಿದ್ದೆವು.

ಇಗೋ, ಆ ಕಡ್ಡಿಯನ್ನು ತಂದಿದ್ದೇನೆ. ಕೈಯಿಂದ ಕೈಗೆ ದಾಟಿಸಿ. ಅದರ ಮೇಲಿನ ಹೆಸರು ಓದಿ. ನಿಮ್ಮ ಪಾದದ ಪಕ್ಕದಲ್ಲಿಟ್ಟು, ಕಾಲ್ಬೆರಳ ತುದಿಯಿಂದ ಎರಡು ಅಂಗುಲ ಹಿಂದಕ್ಕೆ ಎಲ್ಲಿಗೆ ಬರುತ್ತದೆ ಎಂದು ಬೆರಳಿಟ್ಟು ನೋಡಿಕೊಳ್ಳಿ. ಆಮೇಲೂ "ನಮಗ್ಯಾಕೆ" ಎನ್ನುವವರು ಇದ್ದರೆ, ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, ನನ್ನ ಮುಖ ನೋಡಿ ಹೇಳಲಿ.