ಕಾಲರ್ ಇಲ್ಲದ ಅಂಗಿ

"ಹಲ್ಲಲ್ಲಿ ಕಡೀಬೇಡ ಅಂದ್ನಲ್ಲ! ಕತ್ತರಿ ತಗೋ. ಬಸ್ಸು ತಿರುಗ್ತಿದೆ."

ಪರದೆಯ ಹಿಂದಿನಿಂದ ಅತ್ತೆಯ ದನಿ ಬಂದಾಗ ದಾರದ ತುದಿ ಸೊಸೆಯ ಹಲ್ಲುಗಳ ನಡುವೆಯೇ ಇತ್ತು. ಅವಳು ಅದನ್ನು ಬಿಟ್ಟು, ಬುಟ್ಟಿಯಿಂದ ಕಬ್ಬಿಣದ ಉದ್ದ ಕತ್ತರಿ ತೆಗೆದು ದಾರ ಕತ್ತರಿಸಿದಳು. ಬಿಳಿ ಅಂಗಿಯ ತೋಳನ್ನು ಮಡಿಲ ಮೇಲೆ ಹರಡಿಕೊಂಡು ಕಿಟಕಿಯತ್ತ ಅರ್ಧ ಮುಖ ತಿರುಗಿಸಿ ಕೂತಳು. ಪೂರ್ತಿ ತಿರುಗಿಸುವಂತಿಲ್ಲ. ಪೂರ್ತಿ ತಿರುಗಿದರೆ ನೋಡುವವರಿಗೆ ಮುಜುಗರವಾಗುತ್ತದಂತೆ.

ಬಸ್ಸು ಉಸ್ಸೆಂದು ನಿಂತಿತು. ಜನ ಸೊಂಟ ಹಿಡಿದುಕೊಂಡು ಇಳಿದು, ಹಗ್ಗ ಕಟ್ಟಿದ್ದ ಗೆರೆಯವರೆಗೆ ಬಂದರು. ಮೈಕಿನ ದನಿ ಬೀದಿ ತುಂಬಿತು.

"ಎಲ್ಲಾರೂ ಎಡಗಡೆ ನೋಡಿ. ಇದು ದರ್ಜಿ ಮನೆ. ಒಳಗೆ ಕೂತಿರೋರು ದರ್ಜಿಯ ಹೆಂಡತಿ. ನೂರು ವರ್ಷದ ಹಿಂದೆ ಗಂಡ ಕತ್ತರಿಸಿ ಕೊಟ್ಟ ಅಂಗೀನ ಇನ್ನೂ ಹೊಲೀತಾನೇ ಇದಾರೆ. ಗಂಡ ಎಲ್ಲಿ ಅಂತ ಕೇಳ್ಬೇಡಿ. ಪಾಪ, ಗಿರಾಕಿ ಮನೆಗೆ ಅಳತೆ ತಗೊಳ್ಳೋಕೆ ಹೋದೋನು ಇನ್ನೂ ವಾಪಸ್ ಬಂದಿಲ್ಲ."

ಜನ ನಕ್ಕರು. ಪ್ರತಿ ಸಲವೂ ಇಲ್ಲೇ ನಗುತ್ತಾರೆ. ಹಾಗೆ ನಗಿಸಿದವನು ಅವಳ ನಿಜವಾದ ಗಂಡ. ಬೆಳಿಗ್ಗೆ ಇದೇ ಮನೆಯ ಹಿಂಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ, "ಸಂಜೆ ಮಾತಾಡೋಣ ಕಣೇ, ಈಗ ತಲೆ ತಿನ್ಬೇಡ" ಎಂದು ಜಾರಿಕೊಂಡಿದ್ದವನು. ಬೀದಿಯವರು ಅವನನ್ನು ಮೈಕು ಎನ್ನುತ್ತಿದ್ದರು. ಮೈಕು ಈಗ ಕಿಟಕಿಯ ಸರಳುಗಳಾಚೆಯಿಂದ ಹೆಂಡತಿಯ ಕಡೆ ಬೆರಳು ತೋರಿಸುತ್ತಿದ್ದ. ಕಣ್ಣು ಮಾತ್ರ ಅವಳ ತಲೆಯ ಮೇಲಿನ ಗೋಡೆಯ ಮೇಲಿತ್ತು.

ಈ ಬೀದಿ ಹಳೇ ಹೆದ್ದಾರಿಯಲ್ಲಿತ್ತು. ಹೊಸ ರಸ್ತೆ ಬಂದ ಮೇಲೆ ಲಾರಿಗಳೆಲ್ಲ ಅತ್ತ ಹೋದವು. ಹಳೆಯದರ ಉದ್ದಕ್ಕೂ ಉಳಿದ ಸಣ್ಣ ಪೇಟೆಗಳನ್ನು ಪ್ರವಾಸೋದ್ಯಮದ ಕಚೇರಿಯೊಂದು ವಹಿಸಿಕೊಂಡು, ಸುಣ್ಣ ಬಳಿದು, ತಂತಿಗಳನ್ನು ನೆಲದಡಿ ಹೂತು, ಬಸ್ಸು ಬಿಟ್ಟಿತು. ಒಂದು ಪೇಟೆಯಲ್ಲಿ ಗಂಟೆ ಎರಕದವರು, ಒಂದರಲ್ಲಿ ಕಲ್ಲು ಸೇತುವೆ, ಒಂದರಲ್ಲಿ ನೀರಿನ ಗಿರಣಿ, ಇಲ್ಲಿ ದರ್ಜಿ ಮನೆ. ಬಂದವರು ಎಲ್ಲವನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸುತ್ತಿದ್ದರು. ಸೊಸೆ ಗಿರಣಿಯನ್ನು ಕಂಡಿರಲಿಲ್ಲ. ಅದು ಹೇಗೆ ತಿರುಗುತ್ತದೆಂಬುದು ಗಂಡನ ಮೈಕಿನ ಕೃಪೆಯಿಂದ ಅವಳಿಗೆ ಬಾಯಿಪಾಠವಾಗಿತ್ತು.

ಮನೆ ಕಚೇರಿಯದು. ಮುಂದಿನ ಕೋಣೆ ನೂರು ವರ್ಷ ಹಿಂದಿನದರಂತೆಯೇ ಕಾಣಬೇಕೆಂಬುದು ನಿಯಮ. ಪರದೆಯಾಚೆಯ ಎರಡು ಕೋಣೆಗಳಲ್ಲಿ ಮನೆಯವರು ಹೇಗೆ ಬೇಕಾದರೂ ಇರಬಹುದು. ಅಲ್ಲಿ ಫ್ರಿಜ್ಜಿತ್ತು, ಟೀವಿಯಿತ್ತು, ಒಗೆದ ಬಟ್ಟೆ ಒಣಗುವ ಹಗ್ಗವಿತ್ತು. ಬಾಡಿಗೆ ಇಲ್ಲ. ಬದಲಿಗೆ ಮನೆಯವರಲ್ಲೊಬ್ಬರು ಹಗಲೆಲ್ಲ ಕಿಟಕಿಯ ಕುರ್ಚಿಯಲ್ಲಿ ಕೂರಬೇಕು. ಇಪ್ಪತ್ತು ವರ್ಷ ಅತ್ತೆ ಕೂತಿದ್ದರು. ಈಚೆಗೆ ಅವರ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಹೋಗಿ ಬೆರಳಿಗೆ ಪೋಣಿಸಿಕೊಳ್ಳತೊಡಗಿದಾಗ, "ಒಂದು ವಾರ ನೀನು ಕೂತ್ಕೋ, ಔಷಧಿ ಹಾಕಿದ್ರೆ ಸರಿ ಹೋಗತ್ತೆ" ಎಂದಿದ್ದರು. ಸೊಸೆ ಕೆಲಸಕ್ಕೆ ರಜೆ ಹಾಕಿ ಕೂತಳು. ವಾರಕ್ಕೆ ಇನ್ನೊಂದು ವಾರ ಅಂಟಿಕೊಂಡಿತು, ಅದಕ್ಕೆ ಮತ್ತೊಂದು.

ಅವಳ ಕೆಲಸ ಹೊಸ ರಸ್ತೆಯ ಪಕ್ಕದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ. ಬೆಳಕು ಹರಿಯುವಾಗ ಬೀದಿಯ ಕೊನೆಗೆ ವ್ಯಾನು ಬರುತ್ತಿತ್ತು. ವರ್ಷಗಟ್ಟಲೆ ಪಕ್ಕದ ಹೊಲಿಗೆ, ಜೇಬು, ತೋಳು ಎಂದು ಒಂದೊಂದೇ ಮೇಜು ದಾಟಿ, ಈ ವರ್ಷ ಅವಳು ಕಾಲರ್ ಮೇಜಿಗೆ ಬಂದಿದ್ದಳು. ಅಂಗಿಯಲ್ಲಿ ಕಾಲರೇ ಕಷ್ಟ. ನೇರ ಬಟ್ಟೆಯನ್ನು ಬಾಗಿದ ಬಟ್ಟೆಗೆ ಕೂರಿಸಬೇಕು. ಒಂದು ಎಳೆ ಹೆಚ್ಚು ಎಳೆದರೆ ಕೊರಳು ಸೊಟ್ಟ. ಅವಳು ಕೂರಿಸಿದ ಕಾಲರನ್ನು ಮೇಲ್ವಿಚಾರಕಿ ಎತ್ತಿ ಹಿಡಿದು ಹೊಸಬರಿಗೆ ತೋರಿಸುತ್ತಿದ್ದಳು. ಸ್ವಂತದ್ದು ಎಂದು ಹೇಳಿಕೊಳ್ಳಲು ಸೊಸೆಗೆ ಈ ಲೋಕದಲ್ಲಿದ್ದದ್ದು ಆ ಮೇಜೊಂದೇ.

ಇಲ್ಲಿಯೂ ಒಂದು ಅಂಗಿ ಇತ್ತು. ಆದರೆ ಅದು ಮುಗಿಯುವಂತಿಲ್ಲ.

"ದಿನಾ ಬಲಗಡೆ ತೋಳು ಕೂರಿಸ್ಬೇಕು," ಅತ್ತೆ ಮೊದಲ ದಿನವೇ ಹೇಳಿಕೊಟ್ಟಿದ್ದರು. "ಸಂಜೆ ಬಾಗಿಲು ಹಾಕಿದ್ಮೇಲೆ ಬಿಚ್ಬೇಕು. ಅಂಗಿ ಮುಗಿದ್ರೆ ಮಾರನೇ ದಿನ ಬಂದೋರಿಗೆ ಏನು ತೋರಿಸ್ತೀಯಾ, ನಿನ್ನ ತಲೇನಾ?"

ಬಿಚ್ಚಿ ಬಿಚ್ಚಿ ತೋಳಿನ ಬುಡದಲ್ಲಿ ಸೂಜಿಯ ತೂತುಗಳು ಜರಡಿಯಂತಾಗಿದ್ದವು. ಕಾಲರಿನ ತುಂಡು ಬುಟ್ಟಿಯ ತಳದಲ್ಲಿ, ಕತ್ತರಿಸಿದ ದಿನದಿಂದ ಯಾರೂ ಮುಟ್ಟದೆ, ಹಳದಿಗಟ್ಟಿ ಮಲಗಿತ್ತು.

ಬಸ್ಸು ಹೋಯಿತು. ಪರದೆಯ ಹಿಂದೆ ಸೊಸೆಯ ಫೋನು ಬಡಿದುಕೊಂಡಿತು. ಮುಂದಿನ ಕೋಣೆಗೆ ಫೋನು ತರುವಂತಿಲ್ಲ; ಎದ್ದು ಹೋಗುವಂತೆಯೂ ಇಲ್ಲ, ನಡೆದುಕೊಂಡು ಬರುವ ಪ್ರವಾಸಿಗಳು ಯಾವ ಗಳಿಗೆಯಲ್ಲಾದರೂ ಇಣುಕುತ್ತಾರೆ. ಅತ್ತೆಯೇ ಎತ್ತಿಕೊಂಡು, "ಅವಳು ಕಿಟಕೀಲಿದಾಳಮ್ಮಾ" ಎಂದರು. ಸ್ವಲ್ಪ ಹೊತ್ತು ಹೂಂ, ಹೂಂ ಎಂದರು.

"ಯಾರತ್ತೆ?"

"ನಿಮ್ಮ ಮೇಲ್ವಿಚಾರಕಿ. ಜೋರು ಹೆಂಗಸು. ನಾಳೆ ವ್ಯಾನಿಗೆ ಬರದೇ ಇದ್ರೆ ಮೇಜು ಬೇರೆಯೋರಿಗೆ ಕೊಡ್ತಾಳಂತೆ."

ಸೊಸೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ನೀವೇನಂದ್ರಿ?"

"ನಾನೇನನ್ಲಿ? ನೋಡೋಣ ಅಂದೆ."

"ಅತ್ತೆ, ನಿಮ್ಮ ಕಣ್ಣಿಗೆ ಡಾಕ್ಟ್ರು ನಿಜವಾಗ್ಲೂ ಏನು ಹೇಳಿದ್ರು?"

ಒಗ್ಗರಣೆ ಸೌಟು ಎಲ್ಲೋ ತಗುಲಿ ಸದ್ದಾಯಿತು. "ಸರಿ ಹೋಗಲ್ಲ ಅಂದ್ರು," ಎಂದರು ಅತ್ತೆ. "ನಿನ್ನ ಗಂಡನಿಗೆ ಅವತ್ತೇ ಗೊತ್ತು. ನಿಧಾನವಾಗಿ ಹೇಳ್ತೀನಿ ಅಂದ. ಅವನು ಬಸ್ಸಲ್ಲಿ ಬಿಟ್ರೆ ಬೇರೆಲ್ಲೂ ಬಾಯಿ ಬಿಡಲ್ಲ, ನಿಂಗೆ ಗೊತ್ತಲ್ಲ."

ಮಾತು ಅಲ್ಲಿಗೇ ನಿಂತಿತು. ಸರಳುಗಳಾಚೆ ಯಾರೋ ನಡೆದು ಬರುತ್ತಿದ್ದರು.

ಬಂದವಳು ತಲೆ ನರೆತ ಹೆಂಗಸು, ಜೊತೆಗೆ ನೀರಿನ ಬಾಟಲಿ ಹಿಡಿದ ಗಂಡ. ಆಕೆ ಹಗ್ಗವನ್ನು ಹೊಟ್ಟೆಯಿಂದ ತಳ್ಳಿಕೊಂಡು ಸರಳಿಗೆ ಮುಖ ತಂದಳು.

"ರೀ ನೋಡಿ, ಅವರೇ! ನಾನು ಹೇಳ್ಲಿಲ್ವಾ ಇರ್ತಾರೆ ಅಂತ?" ಚೀಲ ಕೆದಕಿ ಹಳೆಯ ಫೋಟೋ ಒಂದನ್ನು ಸರಳುಗಳ ನಡುವೆ ತೂರಿಸಿದಳು. "ಮದುವೆಯಾದ ವರ್ಷ ಬಂದಿದ್ವಿ ಅಮ್ಮಾ. ನಿಮ್ಮ ಫೋಟೋ ತೆಗೆದಿದ್ದೆ. ನಾನು ನೋಡಿ ಹೀಗಾಗಿದೀನಿ, ನೀವು ಒಂಚೂರೂ ಬದಲಾಗಿಲ್ಲ!"

ಪ್ರವಾಸಿಗಳ ಜೊತೆ ಮಾತಾಡಬಾರದು, ಮುಗುಳ್ನಗಬಹುದು. ಸೊಸೆ ನಗಲು ಬಾಯಿ ಅಗಲಿಸಿಕೊಂಡೇ ಫೋಟೋ ನೋಡಿದಳು. ಇದೇ ಕುರ್ಚಿ, ಇದೇ ಬೂದು ಉಡುಪು, ಅರ್ಧ ತಿರುಗಿದ ಮುಖ, ಮಡಿಲಲ್ಲಿ ಇದೇ ಅಂಗಿ. ತೋಳು ಅರ್ಧ ಕೂತಿತ್ತು. ಕೂತವರು ಅತ್ತೆ. ಅತ್ತೆಗೂ ಅವಳಿಗೂ ಹೋಲಿಕೆಯೇ ಇಲ್ಲ. ಅತ್ತೆ ಕಪ್ಪು, ಉದ್ದ ಮೂಗು, ಇವಳದು ದುಂಡು ಮುಖ. ಆದರೂ ಆ ಹೆಂಗಸಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ.

"ತೋಳು ಇನ್ನೂ ಮುಗಿದಿಲ್ವಲ್ರೀ," ಎಂದ ಆಕೆಯ ಗಂಡ, ಬಾಟಲಿಯ ಮುಚ್ಚಳ ತಿರುಗಿಸುತ್ತ. "ನಮ್ಮ ಮನೆ ಮೇಲ್ಛಾವಣಿ ಕೆಲಸ ಇದ್ದಂಗಿದೆ."

"ಸುಮ್ನಿರಿ. ಮುಂದಿನ ಸಲ ಮಗಳನ್ನ ಕರ್ಕೊಂಡು ಬರ್ತೀವಮ್ಮ. ನೀವು ಇರ್ತೀರಲ್ವಾ?"

ಸೊಸೆ ಮುಗುಳ್ನಕ್ಕಳು. ಅವರು ಹೋದ ಮೇಲೂ ಆ ನಗೆ ಅವಳ ಮುಖದ ಮೇಲೆ ಹಾಗೇ ಉಳಿದಿತ್ತು. ಇಳಿಸಲು ಅವಳು ಕೈಯಿಂದ ಕೆನ್ನೆ ಒರೆಸಿಕೊಳ್ಳಬೇಕಾಯಿತು.

ಆಮೇಲೆ ಅವಳು ತೋಳನ್ನು ಕೈಗೆತ್ತಿಕೊಂಡಳು. ದಿನದಂತೆ ಬಿಚ್ಚಲು ಸುಲಭವಾಗುವ ಅಗಲ ಹೊಲಿಗೆ ಹಾಕದೆ ಬಿಗಿಯಾಗಿ, ಹಿಂದೆ ಹೋಗಿ ಮುಂದೆ ಬರುವ ಹೊಲಿಗೆ ಹಾಕಿದಳು. ಜರಡಿಯಾಗಿದ್ದ ಅಂಚನ್ನು ಒಳಕ್ಕೆ ಮಡಚಿ ಮುಚ್ಚಿದಳು. ತೋಳು ಕೂತಿತು. ಬುಟ್ಟಿಯ ತಳಕ್ಕೆ ಕೈ ಹಾಕಿದಳು.

ಕಾಲರಿನ ತುಂಡನ್ನು ಮಂಡಿಯ ಮೇಲೆ ಉಜ್ಜಿ ಉಜ್ಜಿ ಸುಕ್ಕು ಬಿಡಿಸಿದಳು. ಮಧ್ಯಕ್ಕೊಂದು ಕಚ್ಚಾ ಹೊಲಿಗೆ, ಎರಡು ತುದಿಗೆ ಎರಡು. ತಲೆ ಬಗ್ಗಿತು. ಅರ್ಧ ಮುಖ ತೋರಿಸುವುದು ಮರೆತೇಹೋಯಿತು.

ಪರದೆಯ ಹಿಂದೆ ಅತ್ತೆಯ ಕಿವಿ ಚುರುಕಾಗಿತ್ತು. ಇಪ್ಪತ್ತು ವರ್ಷ ಕೇಳಿದ ದಾರದ ಸದ್ದು ಅದಲ್ಲ. "ಏನು ಮಾಡ್ತಿದೀಯೇ?"

"ಕಾಲರ್ ಕೂರಿಸ್ತಿದೀನಿ."

"ಯಾವ ಅಂಗೀಗೆ?"

"ಇರೋದು ಒಂದೇ ಅಂಗಿ ಅಲ್ವಾ ಅತ್ತೆ?"

ಸರಳಿಗೆ ಒರಗಿದ್ದ ಇಬ್ಬರು ಪ್ರವಾಸಿಗಳು ಈ ಮಾತು ಕೇಳಿಸಿಕೊಂಡರು. ಗೊಂಬೆ ಮಾತಾಡಿದಷ್ಟು ಖುಷಿಯಾಯಿತು ಅವರಿಗೆ. ಇಬ್ಬರು ನಾಲ್ವರಾದರು, ನಾಲ್ವರು ಗುಂಪಾದರು. ಮಾಮೂಲಿಯಾಗಿ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತು ಮುಂದಕ್ಕೆ ಹೋಗುತ್ತಿದ್ದ ಜನ ಅಲ್ಲೇ ಬೇರು ಬಿಟ್ಟರು.

"ಸೊಟ್ಟ ಆಯ್ತು ನೋಡು."

"ಇಲ್ಲ ಕಣೋ, ತಿರುಗಿಸಿ ಹಾಕ್ತಾರೆ. ನೋಡ್ತಿರು."

ಸಂಜೆಯ ಬಸ್ಸಿನೊಂದಿಗೆ ಮೈಕು ಬಂದಾಗ ಗುಂಪು ರಸ್ತೆಯವರೆಗೂ ಚಾಚಿತ್ತು. ಅವನ ಜನರೂ ಇಳಿದು ಸೇರಿಕೊಂಡರು. "ಇದು ದರ್ಜಿ ಮನೆ," ಎಂದು ಶುರು ಮಾಡಿ, "ಒಳಗೆ ಕೂತಿರೋರು..." ಎನ್ನುವಷ್ಟರಲ್ಲಿ ಅವನಿಗೆ ಕಾಲರ್ ಕಂಡಿತು. ಅವನ ಕೈಯಲ್ಲಿದ್ದ ಮೈಕು ಕಿರುಚಿತು. ಇದೇ ಮೊದಲ ಸಲ ಅವನು ಗೋಡೆ ಬಿಟ್ಟು ಹೆಂಡತಿಯ ಮುಖ ನೋಡಿದ್ದ. "ಗಿರಣಿ ಮುಚ್ಚೋ ಹೊತ್ತಾಯ್ತು, ಹತ್ತಿ, ಹತ್ತಿ" ಎಂದು ಗೋಗರೆದರೂ ಯಾರೂ ಕದಲಲಿಲ್ಲ.

"ಅಂಗಿ ಹೆಂಗೆ ಮುಗೀತದೆ ಅಂತ ಇಲ್ಲೇ ನೋಡ್ಕೊಂಡು ಹೋಗ್ತೀವಿ ಬಿಡಪ್ಪ," ಎಂದಳೊಬ್ಬಳು. "ಗಿರಣಿ ಎಲ್ಲೋಗತ್ತೆ?"

ಕೊನೆಯ ಗಂಟು ಹಾಕಿ, ಸೊಸೆ ದಾರವನ್ನು ಹಲ್ಲಿನಿಂದಲೇ ಕಡಿದಳು. ಅಂಗಿಯ ಹೆಗಲು ಹಿಡಿದು ಕೊಡವಿ ಎತ್ತಿದಳು. ಹೊರಗೆ ಚಪ್ಪಾಳೆ ಬಿತ್ತು. ಮೈಕು ಮಾತ್ರ ಮದುವೆ ಮುರಿದುಬಿದ್ದವನಂತೆ ನಿಂತಿದ್ದ.

ಸುದ್ದಿ ಕಚೇರಿಗೆ ಮುಟ್ಟಲು ತಡವಾಗಲಿಲ್ಲ. ಜನ ಚದುರಿ ಬಾಗಿಲು ಹಾಕುವ ಹೊತ್ತಿಗೆ ಸುಣ್ಣದ ಸಾಹೇಬರು ಹಿಂಬಾಗಿಲಿಂದ ಬಂದರು. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಸುಣ್ಣ ಸರಿಯಾದ ಬಿಳಿಯೇ ಎಂದು ನೋಡುವ ಅಧಿಕಾರಿ. ಇವತ್ತೂ ಗೋಡೆ ನೋಡಿದರು, ಆಮೇಲೆ ಅಂಗಿ. ಅವರ ಕಂಕುಳಲ್ಲಿ ಒಂದು ಬಿಳಿ ಗಂಟಿತ್ತು. ಮೈಕು ಅವರ ಹಿಂದೆ ಕೈಕಟ್ಟಿ ನಿಂತ.

"ಏನಮ್ಮ ಇದು? ಕಾಲರ್ ಬೇರೆ!" ಎಂದರು ಸಾಹೇಬರು.

"ಸಾರ್, ಅವಳಿಗೆ ಗೊತ್ತಾಗ್ದೆ..." ಮೈಕು ಬಾಯಿ ಹಾಕಿದ.

"ಗೊತ್ತಿದ್ದೇ ಹೊಲಿದೆ," ಎಂದಳು ಸೊಸೆ.

ಅತ್ತೆ ಕೈ ಚಾಚಿದರು. "ಕೊಡಿಲ್ಲಿ." ಅಂಗಿಯನ್ನು ಮಡಿಲಿಗೆ ಹಾಕಿಕೊಂಡು, ಕಾಣದ ಕಣ್ಣನ್ನು ಗೋಡೆಯತ್ತ ನೆಟ್ಟು, ಬೆರಳಿನಿಂದ ಕಾಲರಿನ ಅಂಚನ್ನು ತುದಿಯಿಂದ ತುದಿಗೆ ಸವರಿದರು. ಇನ್ನೊಮ್ಮೆ ಸವರಿದರು. "ಒಂದು ಕಡೆ ತೋಳು ಒಂಚೂರು ಉದ್ದ ಇದೆ," ಎಂದರು ಕೊನೆಗೆ. "ಬಟ್ಟೆ ಕತ್ತರಿಸಿದ್ದು ನಾನೇ ಅಲ್ವಾ, ಅದು ನಂದೇ ತಪ್ಪು. ಇಷ್ಟು ವರ್ಷ ಗೊತ್ತೇ ಆಗ್ಲಿಲ್ಲ ನೋಡು."

ಸಾಹೇಬರು ಗಂಟಲು ಸರಿಮಾಡಿಕೊಂಡರು. ಬೈಯಲು ಬಂದವರು ಬೈಯಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು. "ನೋಡಮ್ಮ, ಇವತ್ತು ಜನ ನಿಂತು ನೋಡಿದಾರೆ. ಮೂರು ಬಸ್ಸು ತಡ ಆಯ್ತು. ಆಗ್ಲಿ. ನಂಗೆ ಬುದ್ಧಿ ಬಂತು ಅಂದ್ಕೋ. ನೀನು ಅಂಗಿ ಮುಗಿಸು, ಬೇಡ ಅನ್ನಲ್ಲ. ದಿನಾ ಸಂಜೆ ಮುಗಿಸು. ಮಾರನೇ ದಿನಕ್ಕೆ ಹೊಸ ಬಟ್ಟೆ ನಾನೇ ಕಳಿಸ್ತೀನಿ." ಗಂಟು ಬಿಚ್ಚಿ ಮೇಜಿನ ಮೇಲೆ ಹರಡಿದರು: ಎದೆ, ಬೆನ್ನು, ಎರಡು ತೋಳು, ಕಾಲರ್, ಎಲ್ಲವೂ ಕತ್ತರಿಸಿ ಒಪ್ಪವಾಗಿ ಜೋಡಿಸಿದ್ದವು. "ನಿಮ್ಮತ್ತೆ ಜಾಗದಲ್ಲಿ ನೀನು ಕಾಯಂ. ಮನೆ ನಿಮ್ಮದೇ ಅಂದ್ಕೊಳ್ಳಿ. ಕುರ್ಚಿಗೆ ಮೆತ್ತೆ ಹಾಕಿಸ್ತೀನಿ. ಸೆಖೆಗೆ ಗೋಡೆ ಒಳಗೇ ಒಂದು ಫ್ಯಾನು ಬಚ್ಚಿಡಿಸ್ತೀನಿ. ಯಾರಿಗೂ ಕಾಣಲ್ಲ."

"ಇದಕ್ಕಿಂತ ಇನ್ನೇನು ಬೇಕೇ?" ಎಂದ ಮೈಕು, ದನಿ ತಗ್ಗಿಸಿ. "ಹೂಂ ಅನ್ನು. ಇಲ್ಲಾಂದ್ರೆ ಅಮ್ಮನ್ನ ಕರ್ಕೊಂಡು ಎಲ್ಲಿಗೆ ಹೋಗೋಣ?"

ಸೊಸೆ ಮೇಜಿನ ಮೇಲಿನ ತುಂಡುಗಳನ್ನು ನೋಡಿದಳು. ಕಾಲರಿನ ಕತ್ತರಿಕೆ ಚೆನ್ನಾಗಿತ್ತು. ಕೈ ತಾನಾಗಿಯೇ ಅದರ ಕಡೆ ಸರಿಯಿತು. ತಡೆದಳು. ಅತ್ತೆಯ ಮುಖ ನೋಡಿದಳು. ಅತ್ತೆ ಅಂಗಿಯನ್ನು ಮಡಚುತ್ತಿದ್ದರು, ಅಂಗಡಿಯವರು ಮಡಚುವ ಹಾಗೆ, ಕಾಲರ್ ಮೇಲೆ ಬರುವಂತೆ.

"ಯೋಚನೆ ಮಾಡಿ ಬೆಳಿಗ್ಗೆ ಹೇಳು," ಎಂದರು ಸಾಹೇಬರು.

"ಬೆಳಿಗ್ಗೆ ವ್ಯಾನು ಬರತ್ತೆ," ಎಂದಳು ಸೊಸೆ.

"ಹಾಗಾದ್ರೆ ಈಗ್ಲೇ ಹೇಳಮ್ಮ. ಕೂತ್ಕೋತೀಯಾ?"

"ಕೂರಲ್ಲ."